ಜೋಶುವಾ ಟ್ರೀಯ ಬಂಡೆಗಳ ನಡುವೆ ಟೆಂಟ್ ಹಾಕುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಹತ್ತಿರ ಬಂತೆಂದರೆ ನಮ್ಮ ಮನೆಗೆ ಫೋನು ಶುರುವಾಗುತ್ತದೆ. "ಜೋಶುವಾ ಟ್ರೀಗೆ ಹೋಗ್ತಾ ಇದೀವಿ, ಅಲ್ಲಿ ನಲ್ಲಿ ಇದೆಯಾ?" "ಅತ್ತೆ ಮಾವ ಊರಿಂದ ಬಂದಿದ್ದಾರೆ, ಕರ್ಕೊಂಡು ಹೋಗಬಹುದಾ?" "ಹಾವು ಬರುತ್ತಾ?" ಜೋಶುವಾ ಟ್ರೀ ಎಂದರೆ ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ನ್ಯಾಷನಲ್ ಪಾರ್ಕ್. ಇಲ್ಲಿನ ಕನ್ನಡದ ಮನೆಗಳಲ್ಲಿ ನಾವು ಅಲ್ಲಿಗೆ ಪದೇ ಪದೇ ಹೋಗುವವರು ಎಂಬ ಸುದ್ದಿ ಹೇಗೋ ಹಬ್ಬಿದೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ, ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಶುಲ್ಕ, ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ಮುಂಚೆ ಪಾರ್ಕಿನ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ.

ಇದು ಎಲ್ಲಿದೆ? ಎಷ್ಟು ದೂರ?

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು 140 ಮೈಲಿ. ಟ್ರಾಫಿಕ್ ಕರುಣೆ ತೋರಿದರೆ ಎರಡೂವರೆ ಗಂಟೆ. ಶುಕ್ರವಾರ ಸಂಜೆ ಹೊರಟರೆ ನಾಲ್ಕು ಗಂಟೆಯೂ ಆದೀತು. ಹತ್ತನೇ ನಂಬರಿನ ಹೈವೇಯಲ್ಲಿ ಹೋಗುತ್ತಿದ್ದಂತೆ ಪಾಮ್ ಸ್ಪ್ರಿಂಗ್ಸ್‌ಗೆ ಮುಂಚೆ ಸಾಲುಸಾಲು ಗಾಳಿಯಂತ್ರಗಳು ಎದುರಾಗುತ್ತವೆ. ಚಿತ್ರದುರ್ಗದ ಕಡೆಯವರಿಗೆ ಊರು ನೆನಪಾಗುವ ಜಾಗ. ಅಲ್ಲಿ 62ನೇ ನಂಬರಿನ ರಸ್ತೆಗೆ ಎಡಕ್ಕೆ ತಿರುಗಿ ಘಾಟಿ ಹತ್ತಿದರೆ ಯಕ್ಕಾ ವ್ಯಾಲಿ, ಜೋಶುವಾ ಟ್ರೀ, ಟ್ವೆಂಟಿನೈನ್ ಪಾಮ್ಸ್ ಎಂಬ ಮೂರು ಊರುಗಳು ಸಾಲಾಗಿ ಸಿಗುತ್ತವೆ. ಪಾರ್ಕಿನ ಪಶ್ಚಿಮದ ಬಾಗಿಲು ಜೋಶುವಾ ಟ್ರೀ ಊರಿನ ಕಡೆ, ಉತ್ತರದ ಬಾಗಿಲು ಟ್ವೆಂಟಿನೈನ್ ಪಾಮ್ಸ್ ಕಡೆ. ನಾವು ಟೆಂಟ್ ಹಾಕುವ ಜಂಬೋ ರಾಕ್ಸ್ ಕ್ಯಾಂಪ್‌ಗ್ರೌಂಡಿಗೆ ಉತ್ತರದ ಬಾಗಿಲೇ ಹತ್ತಿರ, ಅಲ್ಲಿ ಕಾರಿನ ಸಾಲೂ ಕಮ್ಮಿ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಪಶ್ಚಿಮದ ಬಾಗಿಲಲ್ಲಿ ನಿಂತವರ ಪಾಡು ಬೇಡ.

ಒಂದು ಕಾರಿಗೆ ಪ್ರವೇಶ ಶುಲ್ಕ 30 ಡಾಲರ್, ಏಳು ದಿನಕ್ಕೆ ನಡೆಯುತ್ತದೆ. ಕ್ಯಾಂಪ್ ಸೈಟಿನ ಹಣ ಬೇರೆ.

ಪಾರ್ಕಿನಲ್ಲಿ ಒಂಬತ್ತು ಕ್ಯಾಂಪ್‌ಗ್ರೌಂಡ್ ಇವೆಯಂತೆ. ಜಂಬೋ ರಾಕ್ಸೇ ಯಾಕೆ?

ಬಂಡೆಗಾಗಿ. 124 ಸೈಟುಗಳಿರುವ ಇದೇ ಎಲ್ಲದಕ್ಕಿಂತ ದೊಡ್ಡದು. ಸುಮಾರು 4,400 ಅಡಿ ಎತ್ತರದಲ್ಲಿದೆ, ಅಂದರೆ ನಮ್ಮ ನಂದಿ ಬೆಟ್ಟಕ್ಕಿಂತ ಅಷ್ಟಿಷ್ಟು ಕಮ್ಮಿ. ಸೈಟುಗಳನ್ನು ಬಂಡೆಗಳ ಸಂದಿಯಲ್ಲೇ ಮಾಡಿದ್ದಾರೆ. ಕೆಲವು ಸೈಟಿನಲ್ಲಿ ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ನಿಮ್ಮ ಕಾರು. ಮನೆಯೇ ಕಟ್ಟಿಟ್ಟಂತೆ.

ಆದರೆ ಹಟ ಹಿಡಿದು ಅಲ್ಲಿಗೇ ಹೋಗಬೇಕೆಂದೇನಿಲ್ಲ. ಪುಟ್ಟ ಮಕ್ಕಳಿದ್ದು, ನಲ್ಲಿ ಇಲ್ಲದೆ ಆಗುವುದೇ ಇಲ್ಲ ಎನ್ನುವವರು ಬ್ಲ್ಯಾಕ್ ರಾಕ್ ಅಥವಾ ಕಾಟನ್‌ವುಡ್‌ಗೆ ಹೋಗಿ. ಅಲ್ಲಿ ಕುಡಿಯುವ ನೀರೂ ಇದೆ, ಫ್ಲಶ್ ಇರುವ ಟಾಯ್ಲೆಟ್ಟೂ ಇದೆ. ಬಂಡೆಯ ವೈಭವ ಮಾತ್ರ ಇಲ್ಲ. ಹಿಡನ್ ವ್ಯಾಲಿ ಬಂಡೆ ಹತ್ತುವವರ ಅಡ್ಡೆ. ಬೆಳಗಾದರೆ ಹಗ್ಗ, ಕೊಕ್ಕೆಗಳ ಝಣಝಣ. ವೈಟ್ ಟ್ಯಾಂಕ್‌ನಲ್ಲಿ ಇರುವುದೇ ಹದಿನೈದು ಸೈಟು, ಸಿಕ್ಕರೆ ಬಿಡಬೇಡಿ.

ಹಂಪಿ ನೋಡಿದವರಿಗೆ ಅಲ್ಲೇನು ಹೊಸದು?

ಈ ಪ್ರಶ್ನೆ ಮೊದಲು ಕೇಳಿದವರು ನಮ್ಮಪ್ಪ. ಅವರು ಕಮಲಾಪುರದಲ್ಲಿ ಹುಟ್ಟಿ ಬೆಳೆದವರು. ಕಾರಿಂದ ಇಳಿದು, ಸೊಂಟದ ಮೇಲೆ ಕೈ ಇಟ್ಟು ಸುತ್ತ ನೋಡಿ, "ಇದನ್ನ ನೋಡಾಕ ಹದಿನೈದು ಸಾವಿರ ಕಿಲೋಮೀಟರ್ ಕರ್ಕೊಂಡು ಬಂದ್ಯೇನವಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಮಾತಂಗ ಬೆಟ್ಟದ ಬುಡದಲ್ಲಿ ನಿಂತಂತೆಯೇ ಇತ್ತು.

ಅವರ ಕಣ್ಣು ಸುಳ್ಳು ಹೇಳಿರಲಿಲ್ಲ. ಎರಡೂ ಗ್ರಾನೈಟ್ ಜಾತಿಯ ಕಲ್ಲೇ, ಎರಡೂ ಕಡೆ ಗುಂಡುಗಳಾದ ಬಗೆಯೂ ಹೆಚ್ಚುಕಮ್ಮಿ ಒಂದೇ. ಜೋಶುವಾ ಟ್ರೀಯ ಕಲ್ಲಿಗೆ ಮಾಂಜೋಗ್ರಾನೈಟ್ ಎನ್ನುತ್ತಾರೆ. ಹತ್ತಾರು ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾಪಾಕ ನಿಧಾನವಾಗಿ ಆರಿ ಗಟ್ಟಿಯಾದದ್ದು. ಮೇಲಿನ ಹೊರೆ ಸವೆದು ಹಗುರಾದಂತೆ ಕಲ್ಲಿನಲ್ಲಿ ಬಿರುಕು ಬಿಟ್ಟವು: ಒಂದು ಸಾಲು ಅಡ್ಡಡ್ಡ, ಇನ್ನೆರಡು ಸಾಲು ಒಂದನ್ನೊಂದು ಕತ್ತರಿಸುವಂತೆ ಉದ್ದುದ್ದ. ಅಲ್ಲಿಗೆ ಕಲ್ಲು ಮೈಸೂರು ಪಾಕು ಕೊಯ್ದ ಹಾಗೆ ಚೌಕ ಚೌಕ ತುಂಡಾಯಿತು, ಆದರೆ ಇನ್ನೂ ನೆಲದೊಳಗೇ ಇತ್ತು. ಆಗ ಈ ನಾಡು ಇಷ್ಟು ಒಣಗಿರಲಿಲ್ಲ. ಅಂತರ್ಜಲ ಬಿರುಕುಗಳಲ್ಲಿ ಇಳಿದು ಕಲ್ಲಿನ ಕೆಲವು ಖನಿಜಗಳನ್ನು ಜೇಡಿಯಾಗಿಸಿತು. ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದಲ್ಲ, ಅದಕ್ಕೇ ಮೂಲೆ ಮೊದಲು ಕರಗಿತು. ಚೌಕ ಗುಂಡಾಯಿತು. ಆಮೇಲೆ ಹವಾಮಾನ ಒಣಗಿ, ಹಿಡಿದುಕೊಳ್ಳಲು ಗಿಡಮರ ಇಲ್ಲದ ಮೇಲ್ಮಣ್ಣನ್ನು ಮಳೆಯ ಪ್ರವಾಹ ಕೊಚ್ಚಿಕೊಂಡು ಹೋದಾಗ ಗುಂಡುಗಳು ಒಂದರ ಮೇಲೊಂದು ಕೂತುಬಿಟ್ಟವು. ಯಾರೋ ಎತ್ತಿ ಇಟ್ಟಂತೆ ಕಾಣುತ್ತದೆ. ಎತ್ತಿದವರು ಯಾರೂ ಇಲ್ಲ, ಸುತ್ತಲಿನ ಮಣ್ಣು ಇಳಿದಿದೆ ಅಷ್ಟೇ.

ವಯಸ್ಸಿನಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ರಾಮನಗರದಿಂದ ಹಂಪಿಯ ಕಡೆಯವರೆಗೆ ಹಬ್ಬಿದ ಬಂಡೆಗಳು, ಅಂದರೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಕಲ್ಲು, ಸುಮಾರು 250 ಕೋಟಿ ವರ್ಷ ಹಳೆಯದು. ಅದರ ಮುಂದೆ ಜೋಶುವಾ ಟ್ರೀಯದು ಮರಿಕಲ್ಲು. ಇದನ್ನು ಹೇಳಿದ ಮೇಲೆ ಅಪ್ಪ ಸ್ವಲ್ಪ ಸಮಾಧಾನವಾದರು.

ಆದರೆ ಅರ್ಧ ಗಂಟೆ ಬಿಟ್ಟು ಅವರೇ ಒಂದು ಬಂಡೆಗೆ ಅಂಗೈ ಒತ್ತಿ ಉಜ್ಜಿ ನನಗೆ ತೋರಿಸಿದರು. ಅಂಗೈ ತುಂಬ ಸಕ್ಕರೆ ಹರಳಿನಂಥ ಕಲ್ಲಿನ ಕಾಳು. "ನಮ್ಮ ಕಲ್ಲು ಹಿಂಗ ಉದುರಂಗಿಲ್ಲ, ನುಣ್ಣಗ ಇರ್ತದ." ಹಂಪಿಯಲ್ಲಿ ಎಷ್ಟೋ ತಲೆಮಾರಿನ ಕಾಲು, ಕೈ, ಬೆನ್ನು ತಾಗಿ ಬಂಡೆ ನಯವಾಗಿದೆ. ಇಲ್ಲಿನದು ಒರಟು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು: ಇಷ್ಟು ಬಂಡೆ ಇದ್ದೂ ಒಂದು ಗುಡಿ ಇಲ್ಲ, ಒಂದು ಮಂಟಪ ಇಲ್ಲ, ತುಂಗಭದ್ರೆ ಇಲ್ಲ. ಹಂಪಿ ನೋಡಿದವರಿಗೆ ಅಲ್ಲಿ ಹೊಸದು ಅದೇ, ಆ ಇಲ್ಲದಿರುವಿಕೆ. ಹಾಗೆಂದು ಯಾರೂ ಬಾಳಿರಲೇ ಇಲ್ಲ ಎಂದುಕೊಳ್ಳಬೇಡಿ. ಸೆರಾನೊ, ಕವೀಯಾ, ಚೆಮೆವೆವಿ, ಮೊಹಾವಿ ಜನರ ನೆಲ ಇದು. ಅವರ ಬದುಕು ಒರತೆಗಳ ಸುತ್ತ ಇತ್ತು.

ನೀರು ಎಷ್ಟು ಒಯ್ಯಬೇಕು?

ನಿಮಗೆ ಎಷ್ಟು ಬೇಕು ಅನ್ನಿಸುತ್ತದೋ ಅದರ ಎರಡರಷ್ಟು. ತಮಾಷೆಗೆ ಹೇಳುತ್ತಿಲ್ಲ.

ಜಂಬೋ ರಾಕ್ಸ್‌ನಲ್ಲಿ ನಲ್ಲಿ ಇಲ್ಲ. ಬೋರ್‌ವೆಲ್ ಇಲ್ಲ. ಪಾರ್ಕಿನ ಒಳಭಾಗದಲ್ಲಿ ನೀರೂ ಇಲ್ಲ, ಅಂಗಡಿಯೂ ಇಲ್ಲ. ಮೊದಲ ಸಲ ನಾವು ಹೋದಾಗ ಇದನ್ನು ಓದಿರಲಿಲ್ಲ. "ಅಮೆರಿಕದಲ್ಲಿ, ಅದೂ ದುಡ್ಡು ಕೊಟ್ಟು ಬುಕ್ ಮಾಡಿದ ಜಾಗದಲ್ಲಿ ನಲ್ಲಿ ಇಲ್ಲದೆ ಇರುತ್ತದೆಯೇ" ಎಂಬ ಧೈರ್ಯ. ನಾಲ್ಕು ಜನಕ್ಕೆ ಹನ್ನೆರಡು ಚಿಕ್ಕ ಬಾಟಲಿ. ಸಂಜೆ ಆರಕ್ಕೆ ತಲುಪಿ, ಟೀ ಮಾಡಿ, ಅನ್ನಕ್ಕೆ ಇಟ್ಟು, ಮಗಳ ಕೈಕಾಲು ತೊಳೆದದ್ದೇ ಉಳಿದದ್ದು ಮೂರು ಬಾಟಲಿ. ರಾತ್ರಿ ಎಂಟು ಗಂಟೆಗೆ ನಮ್ಮವರು ಕಾರು ತೆಗೆದುಕೊಂಡು ಕತ್ತಲಲ್ಲಿ ಟ್ವೆಂಟಿನೈನ್ ಪಾಮ್ಸ್‌ಗೆ ಹೋಗಿ ನೀರು ತಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಕ್ಯಾಂಪಿಂಗ್ ಎಂದರೆ ಮೊದಲು ಕಾರಿಗೆ ಏರುವುದು ಕ್ಯಾನು.

ಪಾರ್ಕಿನವರು ಹೇಳುವುದು ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಹತ್ತಿರ ಹತ್ತಿರ 3.8 ಲೀಟರ್. ಬಿಸಿಲಲ್ಲಿ ನಡೆಯುವುದಿದ್ದರೆ ಎರಡು ಗ್ಯಾಲನ್. ನಮ್ಮ ಅಡುಗೆಗೆ ಬೇಳೆ ಬೇಯಬೇಕು, ಅಕ್ಕಿ ತೊಳೆಯಬೇಕು, ಊಟವಾದ ಮೇಲೆ ಕೈ ತೊಳೆಯಬೇಕು. ಅದರ ಲೆಕ್ಕ ಬೇರೆ ಇಟ್ಟುಕೊಳ್ಳಿ. ನಾವು ನಾಲ್ಕು ಜನ ಎರಡು ರಾತ್ರಿಗೆ ಐದು ಗ್ಯಾಲನ್ನಿನ ನಾಲ್ಕು ಕ್ಯಾನು ಒಯ್ಯುತ್ತೇವೆ. ಕೆಳಗೆ ನಲ್ಲಿ ಇರುವ ಕ್ಯಾನು ತೆಗೆದುಕೊಳ್ಳಿ. ಅದನ್ನು ಟೇಬಲ್ಲಿನ ಅಂಚಿಗೆ ಇಟ್ಟು ದಾರದಂತೆ ನೀರು ಬಿಟ್ಟುಕೊಂಡರೆ ಒಂದು ಲೋಟದಲ್ಲಿ ಇಬ್ಬರ ಕೈ ತೊಳೆದು ಮುಗಿಯುತ್ತದೆ. ಚೊಂಬಿನಲ್ಲಿ ಸುರಿದುಕೊಳ್ಳುವ ಅಭ್ಯಾಸ ಎರಡು ದಿನ ಬಿಡಬೇಕು.

ನೀರು ಮರೆತು ಬಂದವರಿಗೆ: ಪಶ್ಚಿಮದ ಬಾಗಿಲಲ್ಲಿ, ಇಂಡಿಯನ್ ಕೋವ್ ರೇಂಜರ್ ಸ್ಟೇಷನ್ನಿನಲ್ಲಿ, ಬ್ಲ್ಯಾಕ್ ರಾಕ್ ಮತ್ತು ಕಾಟನ್‌ವುಡ್‌ನಲ್ಲಿ ತುಂಬಿಸಿಕೊಳ್ಳಬಹುದು. ಇವೆಲ್ಲ ಪಾರ್ಕಿನ ಅಂಚಿನಲ್ಲೇ ಇವೆ ಎಂಬುದನ್ನು ಗಮನಿಸಿ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ನವೆಂಬರ್, ಮತ್ತೆ ಮಾರ್ಚ್, ಏಪ್ರಿಲ್. ಹಗಲು 25 ರಿಂದ 30 ಡಿಗ್ರಿ, ರಾತ್ರಿ ಹತ್ತರ ಆಸುಪಾಸು. ಇಲ್ಲಿ ಬರೆದ ಡಿಗ್ರಿಯೆಲ್ಲ ನಮ್ಮೂರಿನ ಸೆಲ್ಸಿಯಸ್.

ಬೇಸಿಗೆಯಲ್ಲಿ 38 ಡಿಗ್ರಿ ದಾಟುತ್ತದೆ. ಬಂಡೆ ಹಗಲಿಡೀ ಕಾದು ರಾತ್ರಿಯೂ ಶಾಖ ಬಿಡುತ್ತದೆ, ಕಾವಲಿಯ ಪಕ್ಕ ಮಲಗಿದಂತೆ. ಹೋಗಬೇಡಿ. ಡಿಸೆಂಬರ್, ಜನವರಿಯಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಒಂದು ಜನವರಿಯಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಮಜ್ಜಿಗೆ ಬಾಟಲಿ ಕಲ್ಲಾಗಿತ್ತು. ಮರುಭೂಮಿ ಎಂದರೆ ಸೆಕೆ ಎಂದುಕೊಂಡು ಬರೀ ಬೆಡ್‌ಶೀಟ್ ತಂದವರನ್ನು ಪಕ್ಕದ ಸೈಟಿನಲ್ಲಿ ನೋಡಿದ್ದೇನೆ. ರಾತ್ರಿಯೆಲ್ಲ ಕಾರಿನ ಹೀಟರ್ ಹಾಕಿಕೊಂಡು ಕೂತಿದ್ದರು ಪಾಪ. ಚಳಿಗೆ ಮೀಸಲಾದ ಸ್ಲೀಪಿಂಗ್ ಬ್ಯಾಗ್, ಕೆಳಗೆ ಒಂದು ಪ್ಯಾಡ್, ಕಿವಿ ಮುಚ್ಚುವ ಟೋಪಿ. ಕೆಳಗಿನ ಪ್ಯಾಡ್ ಮೇಲಿನ ಹೊದಿಕೆಯಷ್ಟೇ ಮುಖ್ಯ, ಏಕೆಂದರೆ ಚಳಿ ನೆಲದಿಂದ ಬರುತ್ತದೆ.

ಬುಕಿಂಗ್ ಹೇಗೆ? ಯಾವಾಗ ನೋಡಿದರೂ ಖಾಲಿಯೇ ಇಲ್ಲ.

ರೆಕ್ರಿಯೇಷನ್ ಡಾಟ್ ಗವ್ ಎಂಬ ಸರ್ಕಾರಿ ತಾಣದಲ್ಲಿ ಆರು ತಿಂಗಳು ಮುಂಚೆ ಬುಕಿಂಗ್ ತೆರೆಯುತ್ತದೆ. ವಾರಾಂತ್ಯದ ಸೈಟುಗಳು ಬೇಗ ಹೋಗಿಬಿಡುತ್ತವೆ. ದೀಪಾವಳಿಗೆ ಊರಿಗೆ ಬಸ್ ಟಿಕೆಟ್ ಹಿಡಿದವರಿಗೆ ಇದರ ತರಬೇತಿ ಇದ್ದೇ ಇದೆ. ಸಿಗದಿದ್ದರೆ ಎರಡು ದಾರಿ. ಒಂದು, ಹೋಗುವ ವಾರ ದಿನಕ್ಕೆರಡು ಸಲ ನೋಡುತ್ತಿರಿ, ರದ್ದು ಮಾಡುವವರು ಇರುತ್ತಾರೆ. ಇನ್ನೊಂದು, ಹಿಡನ್ ವ್ಯಾಲಿ, ಬೆಲ್, ವೈಟ್ ಟ್ಯಾಂಕ್ ಈ ಮೂರಕ್ಕೆ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಮೊದಲು. ವಾರದ ನಡುವೆ, ಬೆಳಿಗ್ಗೆ ಹತ್ತರೊಳಗೆ ಹೋದರೆ ಆಸೆ ಇಟ್ಟುಕೊಳ್ಳಬಹುದು. ಶನಿವಾರ ಮಧ್ಯಾಹ್ನ ಹೋಗಿ ಸುತ್ತಿದರೆ ಪೆಟ್ರೋಲ್ ಖರ್ಚು ಅಷ್ಟೇ.

ನಾವು ನಾಲ್ಕು ಮನೆಯವರು, ಹದಿನಾಲ್ಕು ಜನ. ಒಂದೇ ಸೈಟಿನಲ್ಲಿ ಆಗುತ್ತದಾ?

ಆಗುವುದಿಲ್ಲ. ಒಂದು ಸೈಟಿಗೆ ಆರು ಜನ, ಮೂರು ಟೆಂಟ್, ಜಾಗವಿದ್ದರೆ ಎರಡು ಕಾರು. ಜಂಬೋ ರಾಕ್ಸ್‌ನಲ್ಲಿ ಎಷ್ಟೋ ಸೈಟಿಗೆ ಒಂದೇ ಕಾರಿನ ಜಾಗ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಣ" ಎಂಬುದು ರೇಂಜರ್ ಮುಂದೆ ನಡೆಯುವುದಿಲ್ಲ. ಅಕ್ಕಪಕ್ಕದ ಮೂರು ಸೈಟು ಹಿಡಿಯಿರಿ, ಇಲ್ಲವೇ ಶೀಪ್ ಪಾಸ್‌ನಂಥ ಗುಂಪಿನ ಕ್ಯಾಂಪ್‌ಗ್ರೌಂಡ್ ನೋಡಿ.

ಶೌಚ, ಸ್ನಾನ?

ಗುಂಡಿ ಶೌಚಾಲಯಗಳಿವೆ. ನೀರಿಲ್ಲ, ಬೆಳಕಿಲ್ಲ. ಪೇಪರ್ ಸಾಮಾನ್ಯವಾಗಿ ಇರುತ್ತದೆ, ಭಾನುವಾರ ಬೆಳಿಗ್ಗೆ ಇರುತ್ತದೆಂಬ ಭರವಸೆ ಇಲ್ಲ. ನಮ್ಮ ಜನ ಚಿಕ್ಕ ಬಾಟಲಿ ನೀರು ಒಯ್ದರೆ ಸಾಕು. ಸ್ನಾನ ಇಲ್ಲ. ಒದ್ದೆ ಟವೆಲ್ಲಿನಲ್ಲಿ ಮೈ ಒರೆಸಿಕೊಳ್ಳಿ.

ಅಡುಗೆ ಏನು ಮಾಡುತ್ತೀರಿ?

ಇದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಮರುಭೂಮಿಯಲ್ಲಿ ಪಾತ್ರೆ ತೊಳೆಯುವಂಥ ಅಡುಗೆ ಮಾಡಬಾರದು. ನೀರಿನ ಲೆಕ್ಕ ತಪ್ಪುವುದು ಅಲ್ಲೇ. ಮೊದಲ ರಾತ್ರಿಗೆ ಮನೆಯಿಂದಲೇ ಚಪಾತಿ, ಪಲ್ಯ, ಮೊಸರನ್ನ. ಉತ್ತರ ಕರ್ನಾಟಕದವರಿಗೆ ಇದೇನು ಹೊಸದಲ್ಲ, ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡರೆ ಮೂರು ದಿನವೂ ಕೆಡುವುದಿಲ್ಲ. ನನ್ನ ಕಣ್ಣಿಗೆ ಕಟಕ ರೊಟ್ಟಿ ಮರುಭೂಮಿಗಾಗಿಯೇ ಹುಟ್ಟಿದ ಊಟ. ಬೆಳಿಗ್ಗೆಗೆ ಅವಲಕ್ಕಿ. ಗೊಜ್ಜವಲಕ್ಕಿಯ ಪುಡಿಯನ್ನು ಮನೆಯಲ್ಲೇ ಬೆರೆಸಿ ಡಬ್ಬಿಗೆ ಹಾಕಿಕೊಂಡರೆ ಅಲ್ಲಿ ನೀರು ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟರೆ ಮುಗಿಯಿತು.

ಅನ್ನ ಮಾಡಲೇಬೇಕೆಂದರೆ ಕುಕ್ಕರ್ ಒಯ್ಯಿರಿ. ಆ ಎತ್ತರದಲ್ಲಿ ನೀರು 96 ಡಿಗ್ರಿಯೊಳಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಅರ್ಧ ಖಾಲಿ. ಬೆಳಿಗ್ಗೆ ಆರರ ಮೊದಲು ಮಾತ್ರ ಸೀಟಿ ಹೊಡೆಸಬೇಡಿ. ಬಂಡೆಗಳ ನಡುವೆ ಕುಕ್ಕರ್ ಸೀಟಿ ಎಷ್ಟು ದೂರ ಹೋಗುತ್ತದೆಂದು ಒಮ್ಮೆ ತಿಳಿದುಕೊಂಡಿದ್ದೇನೆ. ನಾಲ್ಕು ಟೆಂಟಿನಿಂದ ತಲೆಗಳು ಹೊರಬಂದವು.

ಪ್ಲೇಟನ್ನು ಮೊದಲು ಪೇಪರಿನಲ್ಲಿ ಒರೆಸಿ, ಆಮೇಲೆ ಒದ್ದೆ ಬಟ್ಟೆ. ಮುಸುರೆ ನೀರನ್ನು ನೆಲಕ್ಕೆ ಚೆಲ್ಲಬಾರದು. ಒಂದು ಬಕೆಟ್ಟಿಗೆ ಹಾಕಿ ವಾಪಸ್ ಒಯ್ಯಿರಿ.

ಟೆಂಟ್ ಹಾಕುವುದು ಕಷ್ಟವಾ?

ಹಾಕುವುದು ಸುಲಭ, ಅದು ಅಲ್ಲೇ ಇರುವಂತೆ ಮಾಡುವುದು ಕಷ್ಟ. ಮೇಲೆ ಒಂದಿಂಚು ಪುಡಿಕಲ್ಲು, ಕೆಳಗೆ ಗಟ್ಟಿ ನೆಲ. ಟೆಂಟಿನ ಜೊತೆ ಬರುವ ತೆಳ್ಳನೆಯ ಗೂಟ ಬಡಿದ ಕೂಡಲೇ ಬಾಗುತ್ತದೆ. ನಾವು ಮೊದಲ ಸಲ ಗೂಟ ಹೊಡೆಯಲಾಗದೆ, ಒಳಗೆ ಬ್ಯಾಗ್ ಇದೆಯಲ್ಲ ಎಂದು ಹಾಗೇ ಬಿಟ್ಟು ಹತ್ತಿರದ ಸ್ಕಲ್ ರಾಕ್ ಎಂಬ ಬಂಡೆ ನೋಡಲು ಹೋದೆವು. ಬಂದು ನೋಡಿದರೆ ಟೆಂಟ್ ಎರಡು ಸೈಟು ಆಚೆ, ಬಂಡೆಯ ಸಂದಿಯಲ್ಲಿ ತಲೆಕೆಳಗಾಗಿ ಕೂತಿತ್ತು. ವಸಂತದಲ್ಲಿ ಗಾಳಿ ಜೋರು, ಮಧ್ಯಾಹ್ನದ ಹೊತ್ತಿಗೆ ಏಳುತ್ತದೆ. ದಪ್ಪ ಕಬ್ಬಿಣದ ಗೂಟ ಮತ್ತು ಸುತ್ತಿಗೆ ಒಯ್ಯಿರಿ. ಒಳಗೆ ನಾಲ್ಕು ಮೂಲೆಗೆ ನೀರಿನ ಕ್ಯಾನು ಇಡಿ. ಹೊರಗೆ ಹೋಗುವಾಗ ಕೋಲು ಬಿಚ್ಚಿ ಟೆಂಟನ್ನು ನೆಲಕ್ಕೆ ಮಲಗಿಸಿದರೆ ಇನ್ನೂ ನಿಶ್ಚಿಂತೆ.

ಬೆಂಕಿ ಹಾಕಬಹುದಾ?

ಪ್ರತಿ ಸೈಟಿನಲ್ಲೂ ಅದಕ್ಕೆಂದೇ ಕಬ್ಬಿಣದ ಒಲೆ ಇದೆ, ಅದರಲ್ಲಿ ಮಾತ್ರ. ಕಟ್ಟಿಗೆ ಹೊರಗಿನಿಂದ ಕೊಂಡು ಬನ್ನಿ. ಪಾರ್ಕಿನಲ್ಲಿ ಬಿದ್ದ ಒಂದು ಕಡ್ಡಿಯನ್ನೂ ಎತ್ತುವಂತಿಲ್ಲ, ಒಣಗಿದ್ದರೂ ಸರಿ. ಒಣಗಿದ ಬೊಡ್ಡೆಯಲ್ಲಿ ಹಲ್ಲಿ, ಗೆದ್ದಲು ಸಂಸಾರ ಹೂಡಿರುತ್ತವೆ. ಬೇಸಿಗೆಯಲ್ಲಿ ಕಟ್ಟಿಗೆ, ಇದ್ದಿಲಿನ ಬೆಂಕಿಗೆ ನಿರ್ಬಂಧ ಬರುವುದುಂಟು, ಹೊರಡುವ ಮುಂಚೆ ನೋಡಿಕೊಳ್ಳಿ. ಮಲಗುವ ಮುಂಚೆ ನೀರು ಹಾಕಿ ಪೂರ್ತಿ ಆರಿಸಬೇಕು. ಅದಕ್ಕೂ ನೀರು ಬೇಕು ಎಂಬುದು ಲೆಕ್ಕದಲ್ಲಿರಲಿ.

ಹಾವು, ಚೇಳು?

ಇವೆ. ಅಷ್ಟೊಂದು ಸಲ ಹೋದರೂ ಬುಡುಬುಡಿಕೆ ಹಾವನ್ನು ಒಂದೇ ಸಲ ನೋಡಿದ್ದು, ಅದೂ ಏಪ್ರಿಲ್ ಸಂಜೆ, ರಸ್ತೆಯ ಮೇಲೆ. ಕಾಣದ ಸಂದಿಗೆ ಕೈ ಹಾಕಬೇಡಿ, ಕತ್ತಲಲ್ಲಿ ಶೂ ಬಿಟ್ಟು ಬರೀ ಚಪ್ಪಲಿಯಲ್ಲಿ ತಿರುಗಬೇಡಿ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ನೇರಳಾತೀತ ಟಾರ್ಚ್ ಬಿಟ್ಟರೆ ಚೇಳು ಹಸಿರಾಗಿ ಹೊಳೆಯುತ್ತದೆ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಟವಿಲ್ಲ, ಆದರೆ ದೊಡ್ಡವರು ಜೊತೆಗಿರಿ.

ನನಗೆ ಹೆಚ್ಚು ಕಾಟ ಕೊಟ್ಟದ್ದು ಹಾವಲ್ಲ, ಜೇನು. ಬಿಸಿಲು ಏರಿದ ದಿನಗಳಲ್ಲಿ ಜೇನ್ನೊಣಗಳಿಗೂ ನಮ್ಮಂತೆಯೇ ನೀರಿನ ಚಿಂತೆ. ಕಾರಿನ ಎ.ಸಿ.ಯಿಂದ ತೊಟ್ಟಿಕ್ಕುವ ಹನಿಗೂ, ಬೆವರಿದ ಬಟ್ಟೆಗೂ ಮುತ್ತುತ್ತವೆ. ಒಂದು ಸಲ ಲೋಟ ಒರೆಸಿದ ಒದ್ದೆ ಬಟ್ಟೆಯನ್ನು ಟೇಬಲ್ಲಿನ ಮೇಲೆ ಬಿಟ್ಟು ಟೆಂಟಿಗೆ ಹೋಗಿ ಬರುವಷ್ಟರಲ್ಲಿ ಬಟ್ಟೆಯ ಬಣ್ಣವೇ ಬದಲಾಗಿತ್ತು. ಹೊಡೆಯಬೇಡಿ, ಓಡಿಸಬೇಡಿ. ಒದ್ದೆ ಇರುವುದನ್ನೆಲ್ಲ ಒಳಗಿಡಿ, ಕಾರಿನ ಗಾಜು ಏರಿಸಿ. ಬಟ್ಟೆ ಒಣಗಿದ ಮೇಲೆ ತಾವೇ ಹೋಗುತ್ತವೆ.

ಕೊಯೋಟಿ ನಮ್ಮ ಗುಳ್ಳೆನರಿಯ ನೆಂಟ. ರಾತ್ರಿ ಊಳಿಡುತ್ತದೆ, ಊಟದ ಡಬ್ಬಿ ಹೊರಗಿದ್ದರೆ ಬರುತ್ತದೆ. ಹಗಲಲ್ಲಿ ಆ ಕೆಲಸಕ್ಕೆ ಕಾಗೆಯ ದೊಡ್ಡಣ್ಣನಂಥ ರೇವನ್ ಇದೆ. ತಿನ್ನುವ ಪದಾರ್ಥವೆಲ್ಲ ಕಾರಿನೊಳಗೆ ಇರಲಿ. ಕಾರು ತೆಗೆಯುವ ಮುಂಚೆ ಚಕ್ರದ ಅಡಿಗೆ ಬಗ್ಗಿ ನೋಡಿ, ನೆರಳಿಗೆಂದು ಮರುಭೂಮಿಯ ಆಮೆ ಬಂದು ಕೂತಿರಬಹುದು. ಅದನ್ನು ಎತ್ತಬೇಡಿ. ಹೆದರಿ ಮೂತ್ರ ಮಾಡಿದರೆ ಅದು ತಿಂಗಳುಗಟ್ಟಲೆ ಮೈಯಲ್ಲಿ ಕೂಡಿಟ್ಟುಕೊಂಡ ನೀರು ಹೋಗಿ ಸಾಯಬಹುದು.

ಮಕ್ಕಳು ಬಂಡೆ ಹತ್ತಬಹುದಾ?

ಹತ್ತದೆ ಇರುವುದಿಲ್ಲ. ಕಲ್ಲು ಒರಟಾದ್ದರಿಂದ ಶೂ ಚೆನ್ನಾಗಿ ಹಿಡಿಯುತ್ತದೆ, ಅದೇ ಅಪಾಯ. ಹತ್ತುವಾಗ ಸಲೀಸು, ಮೇಲೆ ಹೋಗಿ ಕೆಳಗೆ ನೋಡಿದಾಗ ಅಳು. ನಮ್ಮ ಮನೆಯ ನಿಯಮ: ಅಮ್ಮನ ಕೈಗೆ ಎಟುಕುವಷ್ಟು ಎತ್ತರ, ಇಳಿಯಲು ದಾರಿ ನೋಡಿಕೊಂಡ ಮೇಲೆ ಹತ್ತುವುದು. ಮೊಣಕಾಲು ತರಚದೆ ಯಾವ ಮಗುವೂ ವಾಪಸ್ ಬಂದಿಲ್ಲ, ಬ್ಯಾಂಡೇಜ್ ಇಟ್ಟುಕೊಳ್ಳಿ. ಒಂದು ಬಾಚಣಿಗೆಯನ್ನೂ ಇಟ್ಟುಕೊಳ್ಳಿ. ಚೋಯಾ ಎಂಬ ಪಾಪಾಸುಕಳ್ಳಿಯ ತುಂಡು ತಾಗಿದರೆ ಸಾಕು, ಮೈಗೆ ಅಂಟಿಬಿಡುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಅಂಟುತ್ತದೆ. ಬಾಚಣಿಗೆಯ ಹಲ್ಲು ಸಿಕ್ಕಿಸಿ ಒಂದೇ ಏಟಿಗೆ ಎಗರಿಸಬೇಕು.

ಜೋಶುವಾ ಮರಕ್ಕೆ ಜೋಕಾಲಿ ಕಟ್ಟಬಹುದಾ?

ಬೇಡ, ನಿಷಿದ್ಧ. ಅದು ಮರದಂತೆ ಕಂಡರೂ ಯಕ್ಕಾ ಜಾತಿಯ ಗಿಡ, ಶತಾವರಿಯ ವಂಶ. ಕಾಂಡದಲ್ಲಿ ವರ್ಷದ ಉಂಗುರಗಳು ಇಲ್ಲದ್ದರಿಂದ ವಯಸ್ಸು ಎಣಿಸುವುದೂ ಕಷ್ಟ. ವರ್ಷಕ್ಕೆ ಬೆಳೆಯುವುದು ಒಂದೆರಡು ಇಂಚು. ನಿಮ್ಮ ಎತ್ತರದ ಗಿಡ ನಿಮಗಿಂತ ಹಿರಿಯದಿರಬಹುದು. ಅದರ ಹೂವಿಗೆ ಪರಾಗ ಮುಟ್ಟಿಸುವುದು ಒಂದು ಪುಟ್ಟ ಪತಂಗ ಮಾತ್ರ. ಹೆಣ್ಣು ಪತಂಗ ಪರಾಗವನ್ನು ಉಂಡೆ ಕಟ್ಟಿ ಒಯ್ದು ಇನ್ನೊಂದು ಹೂವಿಗೆ ತುಂಬಿ, ಅಲ್ಲೇ ಮೊಟ್ಟೆ ಇಡುತ್ತದೆ. ಮರಿಹುಳುಗಳು ಒಂದಷ್ಟು ಬೀಜ ತಿಂದು, ಉಳಿದದ್ದನ್ನು ಗಿಡಕ್ಕೆ ಬಿಡುತ್ತವೆ. ಪತಂಗ ಇಲ್ಲದೆ ಗಿಡಕ್ಕೆ ಬೀಜವಿಲ್ಲ, ಗಿಡ ಇಲ್ಲದೆ ಪತಂಗಕ್ಕೆ ಸಂತಾನವಿಲ್ಲ.

ನೂರು ವರ್ಷದ ಹಿಂದೆ ಜನ ಮರುಭೂಮಿಯ ಗಿಡಗಳನ್ನು ಕಿತ್ತು ಲಾರಿಯಲ್ಲಿ ತುಂಬಿ ಮನೆಯ ತೋಟಕ್ಕೆ ಒಯ್ಯುತ್ತಿದ್ದರು. ಅದನ್ನು ನೋಡಲಾರದೆ ಸೌತ್ ಪಾಸಡೀನಾದ ಮಿನರ್ವಾ ಹಾಯ್ಟ್ ಎಂಬ ಮಹಿಳೆ ವರ್ಷಗಟ್ಟಲೆ ಓಡಾಡಿದರು. 1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಇದನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. ನ್ಯಾಷನಲ್ ಪಾರ್ಕ್ ಆದದ್ದು 1994ರಲ್ಲಿ.

ನಕ್ಷತ್ರ ಚೆನ್ನಾಗಿ ಕಾಣುತ್ತದಂತೆ, ನಿಜವಾ?

ನಿಜ. 2017ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಕತ್ತಲೆ ಆಕಾಶದ ಪಾರ್ಕ್ ಎಂಬ ಮನ್ನಣೆ ಸಿಕ್ಕಿತು. ಪಾಮ್ ಸ್ಪ್ರಿಂಗ್ಸ್ ಕಡೆಯ ಬೆಳಕು ನೈಋತ್ಯದಲ್ಲಿ ಸ್ವಲ್ಪ ಕಾಣುತ್ತದೆ, ಆದ್ದರಿಂದ ಪೂರ್ವಕ್ಕೆ ಮುಖ ಮಾಡಿ ಕೂರಿ. ಅಮಾವಾಸ್ಯೆಯ ಆಸುಪಾಸಿಗೆ ದಿನ ಗೊತ್ತುಮಾಡಿಕೊಳ್ಳಿ, ಮನೆಯಲ್ಲಿ ಪಂಚಾಂಗ ಇದ್ದರೆ ಅದೇ ಸಾಕು. ಬಿಳಿ ಟಾರ್ಚ್ ಬೇಡ. ಕೆಂಪು ಬೆಳಕಿನ ಹೆಡ್‌ಲ್ಯಾಂಪ್ ಹಾಕಿ ಇಪ್ಪತ್ತು ನಿಮಿಷ ಸುಮ್ಮನಿದ್ದರೆ ಕಣ್ಣು ಹೊಂದಿಕೊಳ್ಳುತ್ತದೆ.

ನಮ್ಮ ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಛತ್ರದ ಮಾಳಿಗೆಗೆ ಕರೆದೊಯ್ದು ಅರುಂಧತಿ ತೋರಿಸಿದ್ದರು. ನಾವಿಬ್ಬರೂ "ಕಂಡಿತು" ಅಂದಿದ್ದೆವು. ನಿಜವಾಗಿ ಅರುಂಧತಿಯನ್ನು ನೋಡಿದ್ದು ಜಂಬೋ ರಾಕ್ಸ್‌ನಲ್ಲಿ, ಒಂದು ಮಾರ್ಚ್ ರಾತ್ರಿ. ಸಪ್ತರ್ಷಿಗಳ ಬಾಲದಲ್ಲಿ ಕೊನೆಯಿಂದ ಎರಡನೆಯ ಚುಕ್ಕಿ ವಸಿಷ್ಠ, ಅದಕ್ಕೆ ಅಂಟಿಕೊಂಡಂತೆ ಮಂಕಾದ ಚುಕ್ಕಿ ಅರುಂಧತಿ. ನಮ್ಮವರಿಗೆ ಕನ್ನಡಕ ಇಲ್ಲದೆ ಇನ್ನೂ ಕಂಡಿಲ್ಲ.

ಫೋನ್ ಸಿಗ್ನಲ್?

ಇಲ್ಲ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬೇರೆ ಬೇರೆ ಕಾರಿನಲ್ಲಿ ಬರುವವರು ಸೈಟ್ ನಂಬರ್ ಬರೆದುಕೊಂಡಿರಿ, ಅಲ್ಲಿಗೆ ಬಂದು ಫೋನ್ ಮಾಡುತ್ತೇವೆ ಎನ್ನಬೇಡಿ. ಊರಿಗೆ ಮುಂಚೆಯೇ ಹೇಳಿಡಿ. ಎರಡು ದಿನ ಫೋನ್ ಹೋಗದಿದ್ದಕ್ಕೆ ನಮ್ಮಮ್ಮ ಹೊಸಪೇಟೆಯಿಂದ ನಮ್ಮ ಪಕ್ಕದ ಮನೆಯವರಿಗೆ ಫೋನ್ ಮಾಡಿಸಿದ್ದರು. ಪೆಟ್ರೋಲ್ ಬಂಕೂ ಪಾರ್ಕಿನೊಳಗಿಲ್ಲ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯಬಹುದಾ?

ಹಗಲಿಗೆ ಧಾರಾಳವಾಗಿ. ರಾತ್ರಿಗೆ ಅವರ ಮೊಣಕಾಲನ್ನು ಕೇಳಿ. ಟೆಂಟಿನೊಳಗೆ ಬಗ್ಗಿ ಹೋಗಬೇಕು, ನೆಲದಿಂದ ಏಳಬೇಕು, ರಾತ್ರಿ ಎರಡು ಸಲ ಕತ್ತಲಲ್ಲಿ ಶೌಚಕ್ಕೆ ನಡೆಯಬೇಕು. ನಾವು ಅಪ್ಪನಿಗೆ ಮಡಚುವ ಮಂಚ ಒಯ್ದೆವು, ಶೌಚಾಲಯದ ಹತ್ತಿರದ ಸೈಟು ಹಿಡಿದೆವು. ಅಮ್ಮ ಬರಲೇ ಇಲ್ಲ: "ಮನಿ ಬಿಟ್ಟು ಗುಡ್ಡದಾಗ ಮಲಗಾಕ ನಮಗೇನು ವನವಾಸ ಬಂದೈತಾ?" ಅವರ ಮಾತೂ ತಪ್ಪಲ್ಲ. ಅಂಥವರಿಗೆ ಟ್ವೆಂಟಿನೈನ್ ಪಾಮ್ಸ್‌ನಲ್ಲಿ ಹೋಟೆಲ್ ಮಾಡಿ, ಸೂರ್ಯಾಸ್ತಕ್ಕೆ ಕೀಸ್ ವ್ಯೂಗೆ ಕರೆದೊಯ್ಯಿರಿ. ಕಾರು ಅಲ್ಲಿವರೆಗೂ ಹೋಗುತ್ತದೆ. 5,185 ಅಡಿ ಎತ್ತರದಿಂದ ಕೆಳಗೆ ಕೋಚೆಲ್ಲಾ ಕಣಿವೆ, ಸಾಲ್ಟನ್ ಸರೋವರ, ಭೂಕಂಪಗಳಿಗೆ ಹೆಸರಾದ ಸ್ಯಾನ್ ಆಂಡ್ರಿಯಾಸ್ ಬಿರುಕಿನ ಗುಡ್ಡಸಾಲು ಎಲ್ಲ ಕಾಣುತ್ತವೆ. ಶಾಲು ಮರೆಯಬೇಡಿ.

ಒಂದೇ ದಿನ ಇದ್ದರೆ ಏನು ನೋಡಬೇಕು?

ಸ್ಕಲ್ ರಾಕ್‌ಗೆ ಕ್ಯಾಂಪ್‌ಗ್ರೌಂಡಿನಿಂದಲೇ ನಡೆದು ಹೋಗಬಹುದು, ಸುತ್ತು ಸುಮಾರು 1.7 ಮೈಲಿ. ಹೆಸರೇ ಹೇಳುವಂತೆ ತಲೆಬುರುಡೆಯ ಆಕಾರದ ಬಂಡೆ. ಎರಡು ಕಣ್ಣಿನ ಗುಳಿಗಳು ಮಳೆನೀರು ನಿಂತು ನಿಂತು ಸವೆದು ಆದವು. ಜನಜಂಗುಳಿ ಇರುತ್ತದೆ, ಬೆಳಿಗ್ಗೆ ಏಳಕ್ಕೆ ಹೋಗಿ. ಹಿಡನ್ ವ್ಯಾಲಿಯ ಒಂದು ಮೈಲಿ ಸುತ್ತು ಮಕ್ಕಳಿಗೂ ಹಿರಿಯರಿಗೂ ಸರಿ. ಚೋಯಾ ತೋಟಕ್ಕೆ ಸೂರ್ಯೋದಯದಲ್ಲಿ ಹೋದರೆ ಮುಳ್ಳುಗಳೆಲ್ಲ ಹತ್ತಿಯಂತೆ ಹೊಳೆಯುತ್ತವೆ. ಮುಟ್ಟಬೇಡಿ, ಮೇಲೆ ಹೇಳಿದ್ದೇನೆ. ಪಟ್ಟಿ ಹಿಡಿದುಕೊಂಡು ಓಡುವುದಕ್ಕಿಂತ ನಮ್ಮ ಸೈಟಿನ ಹಿಂದಿನ ಬಂಡೆಯ ಮೇಲೆ ಟೀ ಹಿಡಿದು ಕೂರುವುದೇ ನನಗೆ ಹೆಚ್ಚು ಇಷ್ಟ.

ನಾಯಿ, ಡ್ರೋನ್, ಸ್ಪೀಕರ್?

ನಾಯಿಗೆ ಕ್ಯಾಂಪ್‌ಗ್ರೌಂಡಿನಲ್ಲಿ, ರಸ್ತೆಯ ಬದಿಯಲ್ಲಿ ಹಗ್ಗದೊಂದಿಗೆ ಅನುಮತಿ ಇದೆ. ಕಾಲುದಾರಿಗಳಲ್ಲಿ ಇಲ್ಲ. ಡ್ರೋನ್ ಪೂರ್ತಿ ನಿಷೇಧ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ. ಹತ್ತಕ್ಕೆ ಮುಂಚೆಯೂ ಸ್ಪೀಕರ್ ಬೇಡ ಎಂದು ನನ್ನ ಕೋರಿಕೆ. ಅಂತ್ಯಾಕ್ಷರಿ ಆಡಿ, ಆದರೆ ನಿಮ್ಮ ಬೆಂಕಿಯ ಬೆಳಕು ಹೋಗುವಷ್ಟು ದೂರ ಮಾತ್ರ ನಿಮ್ಮ ಹಾಡೂ ಹೋಗಲಿ.

ನೆನಪಿಗೆ ಒಂದು ಚಿಕ್ಕ ಕಲ್ಲು ತರಬಹುದಾ?

ಇಲ್ಲ. ಕಲ್ಲು, ಹೂವು, ಮೂಳೆ, ಬೀಜ ಏನನ್ನೂ ತರುವಂತಿಲ್ಲ. ಅಪ್ಪ ಒಂದು ಬೆಣಚುಕಲ್ಲಿನ ಚೂರನ್ನು ಜೇಬಿಗೆ ಹಾಕಿಕೊಂಡಿದ್ದರು, ದೇವರ ಕೋಣೆಯಲ್ಲಿ ಇಡಲು. ಸೈಟು ಖಾಲಿ ಮಾಡುವ ಹೊತ್ತು ಮಧ್ಯಾಹ್ನ ಹನ್ನೆರಡು. ಹನ್ನೊಂದೂವರೆಗೆ ಕಾರು ತುಂಬಿಸುತ್ತಿದ್ದಾಗ ಮಗಳು ಅದನ್ನು ಕಂಡು ಹಿಡಿದಳು. ತಾತ ಮೊಮ್ಮಗಳು ಇಬ್ಬರೂ ಹೋಗಿ ಅದನ್ನು ಎತ್ತಿದ ಜಾಗದಲ್ಲೇ ಇಟ್ಟು ಬಂದರು.